ಮೋಟಾರು ಎಷ್ಟು ಪ್ರವಾಹ ಎಳೆಯುತ್ತದೆ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಯಾವುದೇ ಊರಿನಲ್ಲಿ ಮೋಟಾರು ಎಂದರೆ ಮೊದಲು ನೆನಪಿಗೆ ಬರುವುದು ಕೊಳವೆಬಾವಿಯ ಪಂಪು, ಹಿಟ್ಟಿನ ಗಿರಣಿ, ರಾಮದುರ್ಗದ ಕಡೆಯಾದರೆ ವಿದ್ಯುತ್ ಮಗ್ಗ. ಇವೆಲ್ಲ ಸಾಮಾನ್ಯವಾಗಿ ಪರ್ಯಾಯ ವಿದ್ಯುತ್ತಿನ, ಅಂದರೆ ಎ.ಸಿ. ಮೋಟಾರುಗಳು. ನೇರ ವಿದ್ಯುತ್ತಿನ ಡಿ.ಸಿ. ಮೋಟಾರು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಮಲಪ್ರಭೆಯ ದಂಡೆಯಲ್ಲಿ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಡುವ ಪ್ರತಿ ಟ್ರ್ಯಾಕ್ಟರಿನ ಎಂಜಿನ್ ಪಕ್ಕದಲ್ಲಿ ಅದು ಕುಳಿತಿದೆ. ನಾವು ಅದನ್ನು 'ಸೆಲ್ಫ್' ಎನ್ನುತ್ತೇವೆ. ಬಸ್ಸಿನ ಗಾಜು ಒರೆಸುವ ವೈಪರಿನಲ್ಲಿ, ಮಕ್ಕಳ ಆಟಿಕೆಯ ಕಾರಿನಲ್ಲಿ, ಕೆಲವು ಸೌರ ಪಂಪುಗಳಲ್ಲಿ ಇರುವುದೂ ಅದೇ ಜಾತಿಯ ಮೋಟಾರು.

ಇಂಥ ಒಂದು ಮೋಟಾರು ಎಷ್ಟು ವಿದ್ಯುತ್ ಪ್ರವಾಹವನ್ನು ಎಳೆಯುತ್ತದೆ? ಎಷ್ಟು ಸಾಮರ್ಥ್ಯವನ್ನು ಕೊಡುತ್ತದೆ? ಅದರಲ್ಲಿ ಕೆಲಸಕ್ಕೆ ಬರುವುದೆಷ್ಟು, ಬಿಸಿಯಾಗಿ ಹೋಗುವುದೆಷ್ಟು? ಇವತ್ತಿನ ಮಾತು ಇದರ ಬಗ್ಗೆ. ಇದು ಪರೀಕ್ಷೆಯ ಐದು ಅಂಕದ ಲೆಕ್ಕವಷ್ಟೇ ಅಲ್ಲ. 'ಮೋಟಾರು ಸುಟ್ಟಿತು' ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಏಕೆ ಸುಟ್ಟಿತು ಎಂಬುದಕ್ಕೂ, ಹೊಸ ಬ್ಯಾಟರಿ ತಂದ ಮೇಲೂ ಟ್ರ್ಯಾಕ್ಟರಿನ ಸೆಲ್ಫ್ ಏಕೆ ತಿರುಗುತ್ತಿಲ್ಲ ಎಂಬುದಕ್ಕೂ ಉತ್ತರ ಈ ಲೆಕ್ಕದಲ್ಲೇ ಇದೆ.

ಓಮನ ನಿಯಮ ಸಾಕಾಗುವುದಿಲ್ಲವೆ?

ಹತ್ತನೆಯ ತರಗತಿಯಲ್ಲಿ ಓಮನ ನಿಯಮ ಕಲಿತಿದ್ದೀರಿ. ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ. ಒಂದು ಚಿಕ್ಕ ಡಿ.ಸಿ. ಮೋಟಾರನ್ನು ತೆಗೆದುಕೊಳ್ಳೋಣ. ಅದಕ್ಕೆ 12 ವೋಲ್ಟ್ ಕೊಡುತ್ತೇವೆ. ಅದರ ಸುರುಳಿಯ ರೋಧ 2 ಓಮ್. ಹಾಗಾದರೆ ಪ್ರವಾಹ 12 ಭಾಗಿಸು 2, ಅಂದರೆ 6 ಆಂಪಿಯರ್ ಆಗಬೇಕು. ಆದರೆ ಮೋಟಾರಿನ ಜೊತೆ ಸರಣಿಯಲ್ಲಿ ಅಮ್ಮೀಟರನ್ನು ಜೋಡಿಸಿ ನೋಡಿದರೆ, ಹೊರೆ ಇಲ್ಲದೆ ಸುಮ್ಮನೆ ತಿರುಗುತ್ತಿರುವಾಗ ಅದು ತೋರಿಸುವುದು ಸುಮಾರು ಅರ್ಧ ಆಂಪಿಯರ್. ಉಳಿದ ಐದೂವರೆ ಆಂಪಿಯರ್ ಎಲ್ಲಿ ಹೋಯಿತು?

ಓಮನ ನಿಯಮ ಸುಳ್ಳಾಗಿಲ್ಲ. ನಾವು ಒಂದು ಸಂಗತಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯನ್ನು ನೆನಪಿಸಿಕೊಳ್ಳಿ. ಕಾಂತಕ್ಷೇತ್ರವನ್ನು ಕತ್ತರಿಸುತ್ತ ತಂತಿ ಚಲಿಸಿದರೆ ಅದರಲ್ಲಿ ವಿದ್ಯುಚ್ಚಾಲಕ ಬಲ ಹುಟ್ಟುತ್ತದೆ. ಮೋಟಾರಿನೊಳಗೆ ಏನಿದೆ? ಕಾಂತವಿದೆ, ಅದರ ನಡುವೆ ತಿರುಗುವ ತಂತಿಯ ಸುರುಳಿಯಿದೆ. ಆ ಸುರುಳಿಯನ್ನು ಆರ್ಮೇಚರ್ ಎನ್ನುತ್ತೇವೆ. ಅಂದಮೇಲೆ ತಿರುಗುತ್ತಿರುವ ಪ್ರತಿಯೊಂದು ಮೋಟಾರೂ ಅದೇ ಹೊತ್ತಿಗೆ ಒಂದು ಜನರೇಟರೂ ಹೌದು. 1834ರಲ್ಲಿ ಲೆಂಜ್ ತಿಳಿಸಿದ ನಿಯಮದ ಪ್ರಕಾರ, ಹೀಗೆ ಹುಟ್ಟಿದ ಬಲ ತನ್ನ ಹುಟ್ಟಿಗೆ ಕಾರಣವಾದುದನ್ನೇ ವಿರೋಧಿಸುತ್ತದೆ. ಬ್ಯಾಟರಿ ಪ್ರವಾಹವನ್ನು ಒಳಕ್ಕೆ ತಳ್ಳಿದರೆ, ತಿರುಗುವ ಸುರುಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಇದಕ್ಕೆ ಹಿಮ್ಮುಖ ವಿದ್ಯುಚ್ಚಾಲಕ ಬಲ ಎಂದು ಹೆಸರು. ವರ್ಕ್‌ಶಾಪಿನ ಮಾತಿನಲ್ಲಿ ಬ್ಯಾಕ್ ಇ.ಎಂ.ಎಫ್. ಇಲ್ಲಿ ನಾವು ಚಿಕ್ಕದಾಗಿ 'ಹಿಮ್ಮುಖ ಬಲ' ಎಂದು ಕರೆಯೋಣ. ಇದನ್ನೂ ವೋಲ್ಟಿನಲ್ಲೇ ಅಳೆಯುತ್ತಾರೆ.

ಈಗ ಸಮೀಕರಣ ಹೀಗಾಗುತ್ತದೆ:

ಕೊಟ್ಟ ವೋಲ್ಟೇಜು = ಹಿಮ್ಮುಖ ಬಲ + (ಪ್ರವಾಹ × ರೋಧ)

ಇವತ್ತಿನ ಪಾಠದಲ್ಲಿ ಬಾಯಿಪಾಠ ಮಾಡಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ನಮ್ಮ ಚಿಕ್ಕ ಮೋಟಾರಿಗೆ ಇದನ್ನು ಹಚ್ಚಿ ನೋಡಿ. ಪ್ರವಾಹ 0.5 ಆಂಪಿಯರ್, ರೋಧ 2 ಓಮ್. ಇವೆರಡರ ಗುಣಲಬ್ಧ 1 ವೋಲ್ಟ್. ಹಾಗಾದರೆ ಹಿಮ್ಮುಖ ಬಲ 12ರಲ್ಲಿ 1 ಕಳೆದು 11 ವೋಲ್ಟ್. ಬ್ಯಾಟರಿಯ 12 ವೋಲ್ಟಿನಲ್ಲಿ 11ನ್ನು ಮೋಟಾರೇ ತಡೆದು ನಿಲ್ಲಿಸಿದೆ. ತಂತಿಯಲ್ಲಿ ಪ್ರವಾಹವನ್ನು ನೂಕಲು ಉಳಿದದ್ದು ಒಂದೇ ವೋಲ್ಟ್.

ಪ್ರವಾಹವನ್ನು ನಿರ್ಧರಿಸುವುದು ಹೊರೆ

ಹಿಮ್ಮುಖ ಬಲ ವೇಗವನ್ನು ಅನುಸರಿಸುತ್ತದೆ. ಕಾಂತಕ್ಷೇತ್ರ ಬದಲಾಗದಿದ್ದರೆ, ವೇಗ ಅರ್ಧವಾದಾಗ ಹಿಮ್ಮುಖ ಬಲವೂ ಅರ್ಧವಾಗುತ್ತದೆ. ಮೋಟಾರನ್ನು ತಿರುಗಿಸುವ ಬಲವಾದರೋ ಪ್ರವಾಹವನ್ನು ಅನುಸರಿಸುತ್ತದೆ. ಪ್ರವಾಹ ಇಮ್ಮಡಿಯಾದರೆ ತಿರುಗಿಸುವ ಬಲವೂ ಇಮ್ಮಡಿ. ಈ ಎರಡು ಸಂಬಂಧಗಳನ್ನು ಒಟ್ಟಿಗೆ ಇಟ್ಟು ಯೋಚಿಸಿ.

ತಿರುಗುತ್ತಿರುವ ಆಟಿಕೆಯ ಗಾಲಿಗೆ ಬೆರಳು ಒತ್ತಿದಿರಿ ಎನ್ನಿ. ಗಾಲಿಯ ವೇಗ ತಗ್ಗುತ್ತದೆ. ವೇಗ ತಗ್ಗಿದ್ದರಿಂದ ಹಿಮ್ಮುಖ ಬಲ ತಗ್ಗುತ್ತದೆ. ಹಿಮ್ಮುಖ ಬಲ ತಗ್ಗಿದ್ದರಿಂದ ಹೆಚ್ಚು ಪ್ರವಾಹ ಒಳಗೆ ನುಗ್ಗುತ್ತದೆ. ಪ್ರವಾಹ ಹೆಚ್ಚಿದ್ದರಿಂದ ತಿರುಗಿಸುವ ಬಲ ಹೆಚ್ಚುತ್ತದೆ, ನಿಮ್ಮ ಬೆರಳಿನ ತಡೆಯನ್ನು ಎದುರಿಸಿ ಮೋಟಾರು ಹೊಸದೊಂದು ವೇಗದಲ್ಲಿ ನೆಲೆಗೊಳ್ಳುತ್ತದೆ. ಯಾರೂ ಸ್ವಿಚ್ಚು ತಿರುಗಿಸಲಿಲ್ಲ, ಯಾರೂ ವೋಲ್ಟೇಜು ಏರಿಸಲಿಲ್ಲ. ಎಷ್ಟು ಪ್ರವಾಹ ಬೇಕೆಂಬುದನ್ನು ಹೊರೆಯೇ ಕೇಳಿ ಪಡೆಯಿತು.

ಬೆರಳಿನ ಹೊರೆಗೆ ನಮ್ಮ ಮೋಟಾರು 2 ಆಂಪಿಯರ್ ಎಳೆಯಿತು ಎಂದುಕೊಳ್ಳಿ. ಆಗ ಪ್ರವಾಹ × ರೋಧ 4 ವೋಲ್ಟ್. ಹಿಮ್ಮುಖ ಬಲ 8 ವೋಲ್ಟ್. ಅಂದರೆ ವೇಗ ಮೊದಲಿನ ಹನ್ನೊಂದರಲ್ಲಿ ಎಂಟು ಪಾಲಿಗೆ ಇಳಿದಿದೆ.

ಗಾಲಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿಬಿಟ್ಟರೆ? ವೇಗ ಸೊನ್ನೆ, ಹಿಮ್ಮುಖ ಬಲ ಸೊನ್ನೆ. ಈಗ ಮಾತ್ರ ಬರಿಯ ಓಮನ ನಿಯಮ ಉಳಿಯುತ್ತದೆ, ಪೂರ್ತಿ 6 ಆಂಪಿಯರ್ ಹರಿಯುತ್ತದೆ. ಮೋಟಾರು ಅತಿ ಹೆಚ್ಚು ಪ್ರವಾಹ ಎಳೆಯುವುದು ಅದು ಜೋರಾಗಿ ಓಡುವಾಗ ಅಲ್ಲ, ಓಡಲಾರದೆ ನಿಂತಾಗ.

ಸಾಮರ್ಥ್ಯದ ಲೆಕ್ಕ

ಮೇಲಿನ ಸಮೀಕರಣದ ಎರಡೂ ಬದಿಯನ್ನು ಪ್ರವಾಹದಿಂದ ಗುಣಿಸಿ. ವೋಲ್ಟೇಜು × ಪ್ರವಾಹ, ಇದು ಬ್ಯಾಟರಿಯಿಂದ ಬಂದ ವಿದ್ಯುತ್ ಸಾಮರ್ಥ್ಯ. ಅದು ಎರಡು ಪಾಲಾಗುತ್ತದೆ. ಪ್ರವಾಹದ ವರ್ಗ × ರೋಧ ಎಂಬುದು ತಂತಿಯಲ್ಲಿ ಹುಟ್ಟುವ ಬಿಸಿ. ಹಿಮ್ಮುಖ ಬಲ × ಪ್ರವಾಹ ಎಂಬುದು ಯಾಂತ್ರಿಕ ಸಾಮರ್ಥ್ಯವಾಗಿ ಬದಲಾಗುವ ಪಾಲು. ಹಿಮ್ಮುಖ ಬಲ ಎಂದಾಗ ಅದು ಮೋಟಾರಿನ ಶತ್ರು ಎಂದು ಕೆಲವರಿಗೆ ಅನಿಸಬಹುದು. ನಿಜವಾಗಿ ನೋಡಿದರೆ ಮೋಟಾರು ಮಾಡುವ ಕೆಲಸವೆಲ್ಲ ಅದರಲ್ಲೇ ಅಡಗಿದೆ. ಹಿಮ್ಮುಖ ಬಲವಿಲ್ಲದ ಮೋಟಾರು ಬರಿಯ ಹೀಟರು.

2 ಆಂಪಿಯರಿನ ಸ್ಥಿತಿಯಲ್ಲಿ ಒಳಗೆ ಬಂದದ್ದು 12 × 2 = 24 ವಾಟ್. ಬಿಸಿಗೆ ಹೋದದ್ದು 2 × 2 × 2 = 8 ವಾಟ್. ಯಾಂತ್ರಿಕವಾದದ್ದು 8 × 2 = 16 ವಾಟ್. ಎಂಟೂ ಹದಿನಾರೂ ಕೂಡಿ ಇಪ್ಪತ್ನಾಲ್ಕು, ಲೆಕ್ಕ ಸರಿಹೋಯಿತು.

ಆದರೆ ಆ 16 ವಾಟೂ ನಿಮ್ಮ ಕೈಗೆ ಬರುವುದಿಲ್ಲ. ಬೇರಿಂಗು, ಬ್ರಷ್ಷು, ಗಾಳಿಯ ಘರ್ಷಣೆಗೂ ಸ್ವಲ್ಪ ಬೇಕು. ಅದೆಷ್ಟೆಂದು ತಿಳಿಯುವುದು ಸುಲಭ. ಹೊರೆ ಇಲ್ಲದಾಗ ಎಳೆದ ಅರ್ಧ ಆಂಪಿಯರ್ ಆ ಘರ್ಷಣೆಯನ್ನು ಗೆಲ್ಲುವುದಕ್ಕೆಂದೇ ಖರ್ಚಾಗಿತ್ತು. ಘರ್ಷಣೆಯ ತಡೆ ಎಲ್ಲ ವೇಗದಲ್ಲೂ ಅಷ್ಟೇ ಇದೆ ಎಂದು ಹಿಡಿದರೆ, ಈಗಿನ 8 ವೋಲ್ಟಿಗೆ ಅದು 8 × 0.5 = 4 ವಾಟ್. ಉಪಯೋಗಕ್ಕೆ ದೊರೆಯುವುದು 12 ವಾಟ್. 24 ಕೊಟ್ಟು 12 ಪಡೆದೆವು. ದಕ್ಷತೆ ಶೇಕಡಾ 50.

ನಿಂತ ಮೋಟಾರಿನ ಲೆಕ್ಕವನ್ನೂ ನೋಡಿಬಿಡಿ. 12 × 6 = 72 ವಾಟ್, ಅಷ್ಟೂ ಬಿಸಿ. 2 ಆಂಪಿಯರ್ ಇದ್ದಾಗ 8 ವಾಟ್ ಬಿಸಿಯನ್ನು ತಡೆದುಕೊಳ್ಳುತ್ತಿದ್ದ ಸುರುಳಿಗೆ ಈಗ ಅದರ ಒಂಬತ್ತು ಪಟ್ಟು. ಪ್ರವಾಹ ಮೂರು ಪಟ್ಟಾದರೆ ಬಿಸಿ ಒಂಬತ್ತು ಪಟ್ಟು, ಏಕೆಂದರೆ ಇಲ್ಲಿ ಪ್ರವಾಹದ ವರ್ಗ ಬರುತ್ತದೆ. ತಂತಿಯ ಮೇಲಿನ ತೆಳುವಾದ ನಿರೋಧಕ ಲೇಪ ಹಾಳಾಗುತ್ತದೆ, ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ತಾಗುತ್ತವೆ, ಮೋಟಾರು 'ಸುಡುತ್ತದೆ'.

ಟ್ರ್ಯಾಕ್ಟರಿನ ಸೆಲ್ಫ್

ಈಗ ಕಬ್ಬಿನ ಟ್ರ್ಯಾಕ್ಟರಿಗೆ ಬರೋಣ. ಮೊದಲು ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಬೇಕಾಗಿತ್ತು. ಅದು ಒದ್ದರೆ ಕೈ ಮುರಿಯುವ ಭಯ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಭಯ ಕ್ರಮೇಣ ದೂರವಾಯಿತು.

ಲೆಕ್ಕಕ್ಕೆ ಅನುಕೂಲವಾಗುವಂಥ ಅಂಕಿಗಳನ್ನು ಇಟ್ಟುಕೊಳ್ಳೋಣ. ಬ್ಯಾಟರಿ 12 ವೋಲ್ಟ್. ಅದರ ಒಳರೋಧ 0.01 ಓಮ್, ದಪ್ಪ ಕೇಬಲ್ಲುಗಳದ್ದು 0.005 ಓಮ್, ಮೋಟಾರಿನದು 0.015 ಓಮ್. ಒಟ್ಟು 0.03 ಓಮ್. ಕೀಲಿ ತಿರುಗಿಸಿದ ಕ್ಷಣದಲ್ಲಿ ಮೋಟಾರು ನಿಂತಿರುತ್ತದೆ, ಹಿಮ್ಮುಖ ಬಲ ಇಲ್ಲ. ಪ್ರವಾಹ 12 ಭಾಗಿಸು 0.03, ಅಂದರೆ 400 ಆಂಪಿಯರ್! ಆ ಕ್ಷಣ ಬ್ಯಾಟರಿಯೊಳಗೇ 400 × 0.01 = 4 ವೋಲ್ಟ್ ಕಳೆದುಹೋಗಿ, ಹೊರಗೆ 8 ವೋಲ್ಟ್ ಮಾತ್ರ ಉಳಿಯುತ್ತದೆ. ಸೆಲ್ಫ್ ಹೊಡೆದಾಗ ಹೆಡ್‌ಲೈಟು ಮಂಕಾಗುವುದು ಇದಕ್ಕೇ.

ಎಂಜಿನ್ ತಿರುಗತೊಡಗಿ ಪ್ರವಾಹ 200 ಆಂಪಿಯರಿಗೆ ಇಳಿಯಿತು ಎನ್ನಿ. ಒಟ್ಟು ರೋಧದಲ್ಲಿ ಕಳೆಯುವುದು 200 × 0.03 = 6 ವೋಲ್ಟ್. ಹಿಮ್ಮುಖ ಬಲ 6 ವೋಲ್ಟ್. ಯಾಂತ್ರಿಕ ಸಾಮರ್ಥ್ಯ 6 × 200 = 1200 ವಾಟ್. ಒಂದು ಅಶ್ವಶಕ್ತಿಗೆ 746 ವಾಟ್; ಆದ್ದರಿಂದ ಇದು ಸುಮಾರು 1.6 ಅಶ್ವಶಕ್ತಿ. ಒಂದು ಕೈಯಲ್ಲಿ ಎತ್ತಬಹುದಾದ ಮೋಟಾರಿಗೆ ಇದು ದೊಡ್ಡ ಕೆಲಸವೇ ಸರಿ. ಆದರೆ ಇನ್ನೊಂದು 1200 ವಾಟ್ ಬಿಸಿಯಾಗುತ್ತಿದೆ, ಅದರಲ್ಲಿ ಅರ್ಧ ಮೋಟಾರಿನೊಳಗೇ. ಅದಕ್ಕಾಗಿಯೇ ಸೆಲ್ಫನ್ನು ಕೆಲವು ಸೆಕೆಂಡು ಮಾತ್ರ ಹೊಡೆದು, ನಡುವೆ ಬಿಡುವು ಕೊಡಬೇಕೆಂದು ಅನುಭವಸ್ಥ ಚಾಲಕರು ಹೇಳುತ್ತಾರೆ.

ಈಗ ಬ್ಯಾಟರಿಯ ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಹಸಿರು-ಬಿಳಿ ಕಿಲುಬು ಕಟ್ಟಿ, ಅಲ್ಲಿ ಹೊಸದಾಗಿ 0.03 ಓಮ್ ಸೇರಿಕೊಂಡಿದೆ ಎಂದುಕೊಳ್ಳಿ. ಓಮಿನ ಮೂವತ್ತೂಮೂರನೆಯ ಒಂದು ಭಾಗ. ಸಾಧಾರಣ ಮಲ್ಟಿಮೀಟರಿನಲ್ಲಿ ನೆಚ್ಚಿಕೊಂಡು ಅಳೆಯಲಾಗದಷ್ಟು ಚಿಕ್ಕದು. ಆದರೆ ಒಟ್ಟು ರೋಧ ಇಮ್ಮಡಿಯಾಗಿ 0.06 ಆಯಿತು. ನಿಂತಾಗಿನ ಪ್ರವಾಹ 400ರಿಂದ 200ಕ್ಕೆ ಇಳಿಯಿತು. ಎಂಜಿನನ್ನು ಕದಲಿಸುವಷ್ಟು ಬಲವೇ ಹುಟ್ಟದೆ ಸೆಲ್ಫ್ 'ಕಟಕ್' ಎಂದು ಸುಮ್ಮನಾಗುತ್ತದೆ. ಕಾರ್ಖಾನೆಯ ಸರದಿಯಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುತ್ತದೆ. 'ಬ್ಯಾಟರಿ ಹೋಗಿದೆ' ಎಂದು ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ತಂದರೂ, ಅದೇ ಕಿಲುಬಿನ ಕ್ಲ್ಯಾಂಪನ್ನು ಹಾಕಿದರೆ ಫಲ ಅಷ್ಟಕ್ಕಷ್ಟೆ.

ಇದನ್ನು ಕಂಡುಹಿಡಿಯುವುದು ಹೇಗೆ? ರೋಧ ಅಳೆಯಲು ಹೋಗಬೇಡಿ, ವೋಲ್ಟ್ ಅಳೆಯಿರಿ. ಗೇರು ನ್ಯೂಟ್ರಲ್‌ನಲ್ಲಿರುವಾಗ, ಬಲ್ಲವರೊಬ್ಬರು ಸೆಲ್ಫ್ ಹೊಡೆಯುತ್ತಿರುವಾಗ, ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬಕ್ಕೂ ಇನ್ನೊಂದನ್ನು ಅದರ ಮೇಲಿನ ಕ್ಲ್ಯಾಂಪಿಗೂ ತಾಗಿಸಿ. ಒಳ್ಳೆಯ ಜೋಡಣೆಯಾದರೆ ಮೀಟರು ಬಹುತೇಕ ಸೊನ್ನೆ ತೋರಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು 200 × 0.03 = 6 ವೋಲ್ಟ್ ತೋರಿಸುತ್ತದೆ. ಕಳ್ಳ ಸಿಕ್ಕಿಬಿದ್ದ. ಕೇಬಲ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಉಜ್ಜಿ, ಬಿಗಿಯಾಗಿ ಕೂರಿಸಿದರೆ ಕೆಲಸ ಮುಗಿಯಿತು. ಅದರ ಬದಲು ಕಂಬದಿಂದ ಕಂಬಕ್ಕೇ ಅಳೆದಾಗ ವೋಲ್ಟೇಜು ತೀರ ಕುಸಿದರೆ, ಬ್ಯಾಟರಿ ಚಾರ್ಜು ಕಳೆದುಕೊಂಡಿದೆ ಅಥವಾ ಹಳೆಯದಾಗಿದೆ ಎಂದರ್ಥ. ಒಂದು ಎಚ್ಚರಿಕೆ: ಮಲ್ಟಿಮೀಟರನ್ನು ಅಮ್ಮೀಟರಾಗಿ ಈ ಮಂಡಲದಲ್ಲಿ ಎಂದೂ ಸೇರಿಸಬೇಡಿ. 10 ಆಂಪಿಯರಿನ ಮೀಟರಿಗೆ 200 ಆಂಪಿಯರ್ ಹೊರಿಸಿದಂತಾಗುತ್ತದೆ.

ಅರ್ಧದ ಗುಟ್ಟು

ಮೇಲಿನ ಲೆಕ್ಕದಲ್ಲಿ ಹಿಮ್ಮುಖ ಬಲ 12ರ ಸರಿಯಾಗಿ ಅರ್ಧ ಇದ್ದುದನ್ನು ಗಮನಿಸಿದಿರಾ? ಆ ಮಂಡಲ ಕೊಡಬಲ್ಲ ಗರಿಷ್ಠ ಯಾಂತ್ರಿಕ ಸಾಮರ್ಥ್ಯವೇ ಆ 1200 ವಾಟ್. ಪ್ರವಾಹ 100 ಇದ್ದರೆ ಹಿಮ್ಮುಖ ಬಲ 9, ಗುಣಲಬ್ಧ 900. ಪ್ರವಾಹ 300 ಇದ್ದರೆ ಹಿಮ್ಮುಖ ಬಲ 3, ಮತ್ತೆ 900. ನಡುವಿನ 200ಕ್ಕೇ ಗರಿಷ್ಠ. ಕಾಲೇಜಿನವರು ಕಲನಶಾಸ್ತ್ರದಿಂದ ಇದನ್ನು ಸಾಧಿಸಿ ನೋಡಬಹುದು.

1838ರಲ್ಲಿ ರಷ್ಯದ ನೇವಾ ನದಿಯ ಮೇಲೆ ವಿದ್ಯುತ್ ಮೋಟಾರಿನಿಂದ ದೋಣಿ ನಡೆಸಿದ ಮೋರಿಟ್ಸ್ ಯಾಕೋಬಿ ಈ ನಿಯಮವನ್ನು ತೋರಿಸಿಕೊಟ್ಟ. ಅದನ್ನು ಓದಿದ ಹಲವರು, ಯಾವ ಮೋಟಾರೂ ಶೇಕಡಾ 50ಕ್ಕಿಂತ ಹೆಚ್ಚಿನ ದಕ್ಷತೆ ಪಡೆಯಲಾರದೆಂದು ಬಹುಕಾಲ ನಂಬಿದ್ದರು. ಅದು ಗರಿಷ್ಠ ಸಾಮರ್ಥ್ಯವನ್ನೂ ಗರಿಷ್ಠ ದಕ್ಷತೆಯನ್ನೂ ಒಂದೇ ಎಂದುಕೊಂಡದ್ದರ ಫಲ. 220 ವೋಲ್ಟಿನ, 0.5 ಓಮ್ ರೋಧದ ಮೋಟಾರೊಂದು 20 ಆಂಪಿಯರ್ ಎಳೆಯುತ್ತಿದ್ದರೆ ಹಿಮ್ಮುಖ ಬಲ 210 ವೋಲ್ಟ್. ಸುರುಳಿಯ ಬಿಸಿಯನ್ನು ಮಾತ್ರ ಕಳೆದರೆ ದಕ್ಷತೆ ಶೇಕಡಾ 95ಕ್ಕೂ ಮೇಲೆ. ಸೆಲ್ಫಿಗೆ ಬೇಕಾದದ್ದು ಎರಡು ಸೆಕೆಂಡಿನ ಬಲ, ಅಲ್ಲಿ ಅರ್ಧ ಪೋಲಾದರೂ ಚಿಂತೆಯಿಲ್ಲ. ಇಡೀ ದಿನ ಓಡುವ ಮೋಟಾರಿಗೆ ಹಾಗಾಗಬಾರದು. ಆದರೆ ಇದೇ 220 ವೋಲ್ಟಿನ ಮೋಟಾರನ್ನು ನಿಂತಲ್ಲಿಂದ ನೇರವಾಗಿ ಜೋಡಿಸಿದರೆ 440 ಆಂಪಿಯರ್ ನುಗ್ಗೀತು. ಅದನ್ನು 40ಕ್ಕೆ ತಡೆಯಲು ಒಟ್ಟು 5.5 ಓಮ್ ಬೇಕು. 5 ಓಮ್‌ನ ರೋಧವನ್ನು ಹೊರಗೆ ಸೇರಿಸಿ, ವೇಗ ಏರಿದಂತೆ ಹಂತಹಂತವಾಗಿ ತೆಗೆಯುತ್ತಾರೆ. ಪಠ್ಯದಲ್ಲಿ ಬರುವ 'ಸ್ಟಾರ್ಟರ್' ಎಂಬುದರ ಉದ್ದೇಶ ಇಷ್ಟೆ.

ನೀರಿನಿಂದ ಹಿಂದಕ್ಕೆ ಲೆಕ್ಕ

ಇಲ್ಲಿಯವರೆಗೆ ಬ್ಯಾಟರಿಯಿಂದ ಹೊರೆಯ ಕಡೆಗೆ ಲೆಕ್ಕ ಹಾಕಿದೆವು. ಹೊಲದಲ್ಲಿ ಅದು ತಿರುವುಮುರುವು. ಸವದತ್ತಿ, ರಾಮದುರ್ಗದ ಒಣ ಭೂಮಿಯ ರೈತರು ಮೊದಲು ಕೇಳುವುದು ನೀರನ್ನು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿ.ಎಂ. ಕುಸುಮ್ ಯೋಜನೆಯ ನಂತರ ಸೌರ ಪಂಪುಗಳ ಹೆಸರು ಹೆಚ್ಚಾಗಿ ಕೇಳಿಬರುತ್ತಿದೆ, ಅವುಗಳಲ್ಲಿ ಡಿ.ಸಿ. ಪಂಪುಗಳೂ ಇವೆ.

ಸೆಕೆಂಡಿಗೆ 1 ಲೀಟರ್ ನೀರನ್ನು 30 ಮೀಟರ್ ಆಳದಿಂದ ಎತ್ತಬೇಕು ಎನ್ನಿ. ಒಂದು ಲೀಟರಿನ ರಾಶಿ 1 ಕಿಲೋಗ್ರಾಂ. ಬೇಕಾದ ಸಾಮರ್ಥ್ಯ 1 × 9.8 × 30 = 294 ವಾಟ್. ಪಂಪಿನ ದಕ್ಷತೆ ಶೇಕಡಾ 50 ಆದರೆ ಮೋಟಾರಿನ ದಂಡಕ್ಕೆ 588 ವಾಟ್ ಬೇಕು. ಮೋಟಾರಿನ ದಕ್ಷತೆ ಶೇಕಡಾ 80 ಆದರೆ ಅದಕ್ಕೆ 735 ವಾಟ್ ವಿದ್ಯುತ್ ಬೇಕು. ಮೋಟಾರು 60 ವೋಲ್ಟಿನದಾದರೆ ಪ್ರವಾಹ 12.25 ಆಂಪಿಯರ್. ಕೊಳವೆಬಾವಿಗೆ ಇಳಿದ ಕೇಬಲ್ಲಿನ ರೋಧ ಅರ್ಧ ಓಮ್ ಇದ್ದರೆ ಅದರಲ್ಲೇ ಸುಮಾರು 75 ವಾಟ್ ಪೋಲು. ಅದೇ ಸಾಮರ್ಥ್ಯದ 120 ವೋಲ್ಟಿನ ಮೋಟಾರು ಹಾಕಿದರೆ ಪ್ರವಾಹ ಅರ್ಧ, ಪೋಲು ಕಾಲುಭಾಗ, ಸುಮಾರು 19 ವಾಟ್.

ಸೌರಫಲಕಕ್ಕೂ ಬ್ಯಾಟರಿಗೂ ಇರುವ ಒಂದು ವ್ಯತ್ಯಾಸ ಮರೆಯಬೇಡಿ. ನಿಂತ ಮೋಟಾರು ಕೇಳಿದಷ್ಟು ಪ್ರವಾಹವನ್ನು ಬ್ಯಾಟರಿ ಕೊಟ್ಟುಬಿಡುತ್ತದೆ. ಫಲಕ ಆಗಿನ ಬಿಸಿಲು ಅನುಮತಿಸಿದಷ್ಟನ್ನೇ ಕೊಡುತ್ತದೆ. ತಿರುಗಿಸುವ ಬಲ ಪ್ರವಾಹವನ್ನು ಅನುಸರಿಸುವುದರಿಂದ, ನೇರವಾಗಿ ಫಲಕಕ್ಕೆ ಜೋಡಿಸಿದ ಪಂಪು ಮುಂಜಾನೆಯ ಎಳೆಬಿಸಿಲಿಗೆ ತಿರುಗದೆ ನಿಲ್ಲಬಹುದು. ವೋಲ್ಟೇಜನ್ನು ತಗ್ಗಿಸಿ ಪ್ರವಾಹವನ್ನು ಹೆಚ್ಚಿಸಿ ಕೊಡುವ ಕಂಟ್ರೋಲರ್ ಪೆಟ್ಟಿಗೆಯನ್ನು ನಡುವೆ ಇಡುವುದಕ್ಕೆ ಇದೂ ಒಂದು ಕಾರಣ. ಬಿ.ಎಲ್.ಡಿ.ಸಿ. ಎಂದು ಬರೆದ ಪಂಪು, ಸ್ಕೂಟರುಗಳಲ್ಲಿ ಬ್ರಷ್ಷುಗಳ ಕೆಲಸವನ್ನು ಎಲೆಕ್ಟ್ರಾನಿಕ್ ಮಂಡಲ ಮಾಡುತ್ತದೆ. ಹಿಮ್ಮುಖ ಬಲದ ತತ್ವ ಅಲ್ಲಿಯೂ ಅದೇ. ಎ.ಸಿ. ಪಂಪಿಗೆ ಮಾತ್ರ ಈ ಸೂತ್ರವನ್ನು ಹಾಗೆಯೇ ಹಚ್ಚಬೇಡಿ. ಅಲ್ಲಿ ಪವರ್ ಫ್ಯಾಕ್ಟರ್ ಎಂಬ ಇನ್ನೊಂದು ಸಂಖ್ಯೆ ಬರುತ್ತದೆ.

ನೀವೇ ಮಾಡಿ ನೋಡಿ

ಹಳೆಯ ಆಟಿಕೆಯ ಮೋಟಾರು, ಎರಡು ಶುಷ್ಕಕೋಶ, ಒಂದು ಮಲ್ಟಿಮೀಟರ್ ಸಾಕು. ಮೋಟಾರು ನಿಂತಿರುವಾಗ ರೋಧ ಅಳೆಯಿರಿ. ದಂಡವನ್ನು ಸ್ವಲ್ಪಸ್ವಲ್ಪ ತಿರುಗಿಸಿ ನಾಲ್ಕೈದು ಬಾರಿ ಅಳೆದು ಸರಾಸರಿ ತೆಗೆಯಿರಿ. ಓಡುವಾಗ ಅದರ ತುದಿಗಳ ನಡುವಿನ ವೋಲ್ಟೇಜು ಮತ್ತು ಪ್ರವಾಹ ಬರೆದುಕೊಳ್ಳಿ. ಹಿಮ್ಮುಖ ಬಲ ಎಷ್ಟೆಂದು ಲೆಕ್ಕ ಹಾಕಿ. ಬೆರಳಿನಿಂದ ತುಸು ತಡೆದು ಮತ್ತೆ ಬರೆದುಕೊಳ್ಳಿ. ಪೂರ್ತಿ ನಿಲ್ಲಿಸುವುದಾದರೆ ಒಂದೆರಡು ಸೆಕೆಂಡು ಮಾತ್ರ. ಮನೆಯ 230 ವೋಲ್ಟಿನ ಯಾವ ಮೋಟಾರಿನಲ್ಲೂ ಈ ಪ್ರಯೋಗ ಬೇಡ.

ಕೊನೆಗೊಂದು ಲೆಕ್ಕ. 24 ವೋಲ್ಟಿನ, 1 ಓಮ್ ರೋಧದ ಮೋಟಾರು 4 ಆಂಪಿಯರ್ ಎಳೆಯುತ್ತಿದೆ. ಹಿಮ್ಮುಖ ಬಲ, ಬಿಸಿ, ಯಾಂತ್ರಿಕ ಸಾಮರ್ಥ್ಯ, ನಿಂತರೆ ಹರಿಯುವ ಪ್ರವಾಹ ಎಷ್ಟೆಷ್ಟು? ಉತ್ತರ ಕ್ರಮವಾಗಿ 20 ವೋಲ್ಟ್, 16 ವಾಟ್, 80 ವಾಟ್, 24 ಆಂಪಿಯರ್. ಮೊದಲು ನೀವೇ ಬಿಡಿಸಿ, ಆಮೇಲೆ ಹೋಲಿಸಿ ನೋಡಿ.

ಸಿಕ್ಕಿಹಾಕಿಕೊಂಡು ಗೊಂಯ್ ಎನ್ನುತ್ತ ನಿಂತ ಮೋಟಾರನ್ನು ಎಲ್ಲಿಯೇ ಕಂಡರೂ ಮೊದಲು ಸ್ವಿಚ್ಚು ಆರಿಸಿ. ಕಾರಣ ಹುಡುಕುವುದು ಆಮೇಲೆ.